ಹಾಡಿಗೆ ವೀಳ್ಯ ಸಿಗುವ ಜನವರಿ

ಜನವರಿಯ ಗ್ಲಾಸ್ಗೋದಲ್ಲಿ ಬೆಳಕು ಹರಿಯುವ ಹೊತ್ತಿಗೆ ಗಂಟೆ ಎಂಟೂವರೆ ದಾಟಿರುತ್ತದೆ. ಸಂಜೆ ನಾಲ್ಕೂವರೆಗೆಲ್ಲ ಬೀದಿದೀಪ. ನಡುವೆ ಸಿಗುವ ಹಗಲಿಗೂ ಮೋಡ, ಜಿಟಿಜಿಟಿ ಮಳೆ, ಮೂಳೆಗಿಳಿಯುವ ಚಳಿ. ಕ್ರಿಸ್‌ಮಸ್ಸಿಗೆ ಕೈಬಿಚ್ಚಿ ಖರ್ಚು ಮಾಡಿದ ಜನ ಮನೆ ಬಿಟ್ಟು ಹೊರಡಲು ಮನಸ್ಸು ಮಾಡದ ತಿಂಗಳಿದು. ಆದರೂ ಇದೇ ತಿಂಗಳ ಮಧ್ಯದಿಂದ ಎರಡೂವರೆ ವಾರ, ಸ್ಕಾಟ್ಲೆಂಡಿನ ಈ ನಗರದ ಬುಕ್ಯಾನನ್ ಬೀದಿಯಲ್ಲಿ ಪಿಟೀಲಿನ ಪೆಟ್ಟಿಗೆ, ಅಕಾರ್ಡಿಯನ್, ಬ್ಯಾಗ್‌ಪೈಪ್ ಹೊತ್ತವರು ಸಾಲುಗಟ್ಟಿ ನಡೆಯುತ್ತಾರೆ. ಅವರು ಹೊರಟಿರುವುದು ‘ಸೆಲ್ಟಿಕ್ ಕನೆಕ್ಷನ್ಸ್’ ಹಬ್ಬಕ್ಕೆ.

ಈ ಹಬ್ಬ ಹುಟ್ಟಿದ್ದೇ ಖಾಲಿ ಕುರ್ಚಿಗಳಿಂದ. ಗ್ಲಾಸ್ಗೋ ಯುರೋಪಿನ ಸಾಂಸ್ಕೃತಿಕ ನಗರವೆಂಬ ಗೌರವ ಪಡೆದ 1990ರಲ್ಲಿ ಅಲ್ಲಿನ ರಾಯಲ್ ಕನ್ಸರ್ಟ್ ಹಾಲ್ ಬಾಗಿಲು ತೆರೆಯಿತು. ಸುಮಾರು ಎರಡೂವರೆ ಸಾವಿರ ಜನ ಕೂರಬಹುದಾದ ಆ ಸಭಾಂಗಣ ಜನವರಿಯಲ್ಲಿ ಬಿಕೋ ಎನ್ನುತ್ತಿತ್ತು. ಆ ತಿಂಗಳನ್ನು ತುಂಬಿಸಲು 1994ರಲ್ಲಿ ಜನಪದ ಸಂಗೀತದ ಹಬ್ಬವೊಂದನ್ನು ಶುರುಮಾಡಲಾಯಿತು. ಒಂದೇ ಕಟ್ಟಡದಲ್ಲಿ ಆರಂಭವಾದದ್ದು ಈಗ ಊರೆಲ್ಲ ಹರಡಿದೆ. ಹಳೆಯ ಹಣ್ಣಿನ ಮಂಡಿ, ನಾಟ್ಯಶಾಲೆಯಾಗಿದ್ದ ಬ್ಯಾರೊಲ್ಯಾಂಡ್, ಸಂಗೀತಕ್ಕೆಂದು ಹೊಸ ರೂಪ ಪಡೆದ ಚರ್ಚು, ಹೀಗೆ ಎಲ್ಲೆಲ್ಲೂ ಸೇರಿ ಸುಮಾರು 300 ಕಾರ್ಯಕ್ರಮಗಳು ನಡೆಯುತ್ತವೆ. ಒಟ್ಟು ಹಾಜರಿ ಒಂದು ಲಕ್ಷ ಮೀರುತ್ತದೆ.

ಟಿಕೆಟ್ ಕೊಂಡ ಶ್ರೋತೃವಿಗೆ ಕಾಣುವುದು ಈ ಹಬ್ಬದ ಒಂದು ಮುಖ. ಇನ್ನೊಂದು ಮುಖವನ್ನು ಸಂಗೀತಗಾರರು ‘ಶೋಕೇಸ್’ ಎನ್ನುತ್ತಾರೆ.

ನಮ್ಮಲ್ಲಿ ಮೇಳಕ್ಕೋ ವಾದ್ಯದವರಿಗೋ ವೀಳ್ಯ ಕೊಟ್ಟು ಗೊತ್ತುಮಾಡುವ ರೂಢಿಯಿದೆ. ಎಲೆ-ಅಡಿಕೆಯ ಜತೆ ಮುಂಗಡ ಕೈಗೆ ಬಂದರೆ ಆ ದಿನದ ಆಟ ಅವರದ್ದು. ಆದರೆ ವೀಳ್ಯ ಕೊಡುವವರು ಕಲಾವಿದನನ್ನು ಮೊದಲು ಎಲ್ಲಾದರೂ ಕೇಳಿರಬೇಕಲ್ಲ? ಊರೂರಿನ ಜಾತ್ರೆ ಆ ಕೆಲಸ ಮಾಡುತ್ತಿತ್ತು. ಜಾತ್ರೆಯಲ್ಲಿ ಕೇಳಿ ಮೆಚ್ಚಿದವರು ಮುಂದಿನ ವರ್ಷ ತಮ್ಮೂರಿಗೆ ಕರೆಸುತ್ತಿದ್ದರು. ಶೋಕೇಸ್ ಎಂದರೆ ಆ ಪರಿಚಯವನ್ನೇ ಉದ್ದೇಶವಿಟ್ಟು, ಲೆಕ್ಕ ಹಾಕಿ ಮಾಡುವುದು. ಕಲಾವಿದರಿಗೆ ಚಿಕ್ಕ ಅವಧಿಯ ವೇದಿಕೆ ಸಿಗುತ್ತದೆ. ಎದುರಿಗೆ ಉತ್ಸವಗಳ ನಿರ್ದೇಶಕರು, ಸಭಾಂಗಣಗಳ ವ್ಯವಸ್ಥಾಪಕರು, ಕಾರ್ಯಕ್ರಮ ಗೊತ್ತುಮಾಡುವ ಏಜೆಂಟರು, ರೇಡಿಯೊದವರು ಕೂತಿರುತ್ತಾರೆ.

ಸೆಲ್ಟಿಕ್ ಕನೆಕ್ಷನ್ಸ್‌ನ ಒಡಲಲ್ಲೇ ನಡೆಯುವ ‘ಶೋಕೇಸ್ ಸ್ಕಾಟ್ಲೆಂಡ್’ಗೆ ಹಲವು ದೇಶಗಳಿಂದ ಸುಮಾರು ಇನ್ನೂರು ಮಂದಿ ಇಂಥವರು ಬರುತ್ತಾರೆ. ಸ್ಕಾಟ್ಲೆಂಡಿನ ತಂಡಗಳ ಜತೆ ಬೇರೊಂದು ನಾಡನ್ನೂ ಪಾಲುದಾರನಾಗಿ ಕರೆಯುವ ಪದ್ಧತಿಯಿದೆ.

ಇದಕ್ಕೆ ಚಳಿಗಾಲವೇ ಏಕೆ? ಯುರೋಪಿನ ಬಯಲು ಉತ್ಸವಗಳು ನಡೆಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಆ ವೇದಿಕೆಗಳಿಗೆ ಯಾರು ಎಂಬುದು ಬಹುಮಟ್ಟಿಗೆ ಅದಕ್ಕೂ ಹಿಂದಿನ ಚಳಿಗಾಲದಲ್ಲೇ ಗೊತ್ತಾಗಬೇಕು. ಬೇಸಿಗೆಯಲ್ಲಿ ಆಯೋಜಕರು ತಮ್ಮ ತಮ್ಮ ಮೈದಾನ ಬಿಟ್ಟು ಕದಲುವಂತಿಲ್ಲ, ಕಲಾವಿದರಿಗೂ ಬಿಡುವಿಲ್ಲ. ಜನವರಿಯಲ್ಲಿ ಇಬ್ಬರಿಗೂ ಪುರುಸೊತ್ತು. ಸಭಾಂಗಣಗಳೂ ಸಿಗುತ್ತವೆ, ಹೋಟೆಲ್ ಕೋಣೆಗಳೂ ಸಿಗುತ್ತವೆ.

ನೆದರ್ಲೆಂಡ್ಸ್‌ನ ಗ್ರೋನಿಂಗನ್ ನಗರ ಹಿಡಿದದ್ದೂ ಇದೇ ಜಾಡು. ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ, ತಾವೇ ಹೊರತರುವ ಇಂಡಿ ತಂಡಗಳಿಗೆ ಅಲ್ಲಿ ಪ್ರತಿ ಜನವರಿ ‘ಯೂರೋಸಾನಿಕ್ ನೂರ್ಡರ್‌ಸ್ಲಾಗ್’ ನಡೆಯುತ್ತದೆ. 1986ರಲ್ಲಿ ಡಚ್ಚರು ಮತ್ತು ಬೆಲ್ಜಿಯಂನವರ ನಡುವಿನ ಒಂದು ರಾತ್ರಿಯ ಸಂಗೀತ ಪಂದ್ಯವಾಗಿ ಶುರುವಾದ ಅದು, ಇವತ್ತು ಹಗಲೆಲ್ಲ ಮಾತುಕತೆ, ರಾತ್ರಿಯೆಲ್ಲ ಕೆಫೆ, ರಂಗಮಂದಿರ, ಚರ್ಚುಗಳಲ್ಲಿ ಹಾಡು ಎಂಬಷ್ಟು ಬೆಳೆದಿದೆ.

ಗ್ಲಾಸ್ಗೋದಲ್ಲಿ ಹೊಸಬರಿಗೆ ಬಾಗಿಲು ಒಂದೇ ಅಲ್ಲ. ಎಲ್ಲಕ್ಕಿಂತ ತಗ್ಗಿನ ಹೊಸ್ತಿಲು ‘ಡ್ಯಾನಿ ಕೈಲ್ ಓಪನ್ ಸ್ಟೇಜ್’ನದು. ಪಕ್ಕದ ಪೈಸ್ಲಿ ಊರಿನ ಜನಪದ ಗಾಯಕ ಡ್ಯಾನಿ ಕೈಲ್ ಈ ಮುಕ್ತ ವೇದಿಕೆಯನ್ನು ನಡೆಸುತ್ತಿದ್ದರು. ಹೊಸ ಹುಡುಗ-ಹುಡುಗಿಯರ ಬೆನ್ನು ತಟ್ಟುವುದೆಂದರೆ ಅವರಿಗೆ ಪ್ರೀತಿ. 1998ರಲ್ಲಿ ಅವರು ತೀರಿಕೊಂಡ ಮೇಲೆ ಅದಕ್ಕೆ ಅವರದೇ ಹೆಸರು ಬಂತು. ಯಾವ ಕಂಪನಿಯ ಕರಾರೂ ಇಲ್ಲದ ಕಲಾವಿದರು ಇಲ್ಲಿ ಹಾಡುತ್ತಾರೆ, ಕೇಳಲು ಟಿಕೆಟ್ ಬೇಡ. ತೀರ್ಪುಗಾರರು ಆರಿಸಿದವರಿಗೆ ಮರುವರ್ಷದ ಹಬ್ಬದಲ್ಲಿ ದೊಡ್ಡ ಕಲಾವಿದರ ಕಛೇರಿಗೆ ಮೊದಲು ಹಾಡುವ ಅವಕಾಶ ಸಿಗುತ್ತದೆ.

ಎರಡನೆಯದು ಬಿಬಿಸಿ ರೇಡಿಯೊ ಸ್ಕಾಟ್ಲೆಂಡ್ ಹೆಸರಿನ ಯುವ ಪಾರಂಪರಿಕ ಸಂಗೀತಗಾರ ಪ್ರಶಸ್ತಿ. ಇದರ ಅಂತಿಮ ಸುತ್ತು ಇದೇ ಹಬ್ಬದಲ್ಲಿ ನಡೆಯುತ್ತದೆ. 2001ರಲ್ಲಿ ಮೊದಲ ಬಾರಿ ಗೆದ್ದವರು ಆರನ್ ದ್ವೀಪದ ಪಿಟೀಲುಗಾರ್ತಿ ಗಿಲಿಯನ್ ಫ್ರೇಮ್. 2016ರಲ್ಲಿ ಗೆದ್ದದ್ದು ಕೈಗಾತ್ರದ ತಿದಿವಾದ್ಯ ಕನ್ಸರ್ಟೀನಾವನ್ನು ನುಡಿಸುವ ಮೊಹ್ಸೆನ್ ಅಮಿನಿ. ಎರಡೇ ವರ್ಷದಲ್ಲಿ, 2018ರಲ್ಲಿ, ಅವರು ಇಡೀ ಬ್ರಿಟನ್ನಿಗೆ ಸಲ್ಲುತ್ತಿದ್ದ ಬಿಬಿಸಿ ರೇಡಿಯೊ 2 ಜನಪದ ಪ್ರಶಸ್ತಿಗಳಲ್ಲಿ ವರ್ಷದ ವಾದಕರಾದರು. ಇಷ್ಟಾದ ಮೇಲೆ ಹೊರದೇಶದ ವೀಳ್ಯಕ್ಕೆ ಶೋಕೇಸ್ ಸ್ಕಾಟ್ಲೆಂಡ್ ಮೂರನೆಯ ಬಾಗಿಲು.

ಆಯೋಜಕರ ಬೆವರು ಹರಿಯುವುದು ವೇದಿಕೆಯ ಹಿಂದೆ. ಶೋಕೇಸ್‌ನಲ್ಲಿ ಒಂದು ತಂಡಕ್ಕೆ ಸಿಗುವುದು ಇಪ್ಪತ್ತು ನಿಮಿಷ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಮೊದಲ ತಂಡ ಹತ್ತು ನಿಮಿಷ ಎಳೆದರೆ ಕೊನೆಯವರು ಹಾಡುವಾಗ ಏಜೆಂಟರು ರೈಲು ಹಿಡಿಯಲು ಎದ್ದು ಹೋಗಿರುತ್ತಾರೆ. ಆದ್ದರಿಂದ ಯಾವ ತಂಡಕ್ಕೆ ಎಷ್ಟು ಮೈಕು, ಯಾರು ಎಲ್ಲಿ ನಿಲ್ಲುತ್ತಾರೆ, ಯಾವ ವಾದ್ಯಕ್ಕೆ ಯಾವ ತಂತಿ ಎಂಬ ನಕ್ಷೆಯನ್ನು ವಾರಗಳ ಮೊದಲೇ ತರಿಸಿಕೊಳ್ಳುತ್ತಾರೆ. ಡ್ರಮ್ಮು, ಆಂಪ್ಲಿಫೈಯರುಗಳನ್ನು ಎಲ್ಲ ತಂಡಗಳೂ ಹಂಚಿಕೊಳ್ಳುತ್ತವೆ. ಒಬ್ಬರು ಮುಂದೆ ಹಾಡುತ್ತಿರುವಾಗಲೇ ಇನ್ನೊಬ್ಬರ ವಾದ್ಯ ಪರದೆಯ ಹಿಂದೆ ಸಿದ್ಧವಾಗಿರುತ್ತದೆ.

ಇಂಡಿ ತಂಡಕ್ಕೆ ಇದು ಅಭ್ಯಾಸದ ಮಾತು. ಜನಪದ ವಾದ್ಯಗಳ ಜಾಯಮಾನ ಬೇರೆ. ಸ್ಕಾಟ್ಲೆಂಡಿನ ದೊಡ್ಡ ಬ್ಯಾಗ್‌ಪೈಪಿಗೆ ಮೈಕೇ ಬೇಡ, ಅಷ್ಟು ಜೋರು. ಅದರ ಶ್ರುತಿಯೂ ಪಿಯಾನೊ, ಗಿಟಾರುಗಳ ಶ್ರುತಿಗೆ ನೇರವಾಗಿ ಹೊಂದುವುದಿಲ್ಲ. ಹಾಗಾಗಿ ಪಿಟೀಲಿನ ಜತೆ ಕೂರುವಾಗ ಹಲವು ವಾದಕರು ಮೆಲುದನಿಯ ಚಿಕ್ಕ ಪೈಪನ್ನು ಹಿಡಿಯುತ್ತಾರೆ. ಐರಿಷ್ ತಮಟೆಯಾದ ಬೌರಾನ್‌ಗೆ ಆಡಿನ ಚರ್ಮ ಬಿಗಿದಿರುತ್ತದೆ. ಚಳಿಗಾಲದಲ್ಲಿ ಹೀಟರ್ ಹಚ್ಚಿದ ಸಭಾಂಗಣದ ಒಣಗಾಳಿಗೆ ಆ ಚರ್ಮ ಬಿಗಿದು ದನಿ ಚೂಪಾಗುತ್ತದೆ, ನುಡಿಸುವವರು ಅದಕ್ಕೆ ನೀರು ಸವರುತ್ತಾರೆ. ನಮ್ಮ ತಮಟೆಯವರ ಕಷ್ಟ ಇದಕ್ಕೆ ತಿರುಗುಮುರುಗು. ತಂಪಿಗೆ ಸಡಿಲಾದ ಚರ್ಮವನ್ನು ಅವರು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಬೆಂಕಿ ಹಚ್ಚಲು ಅನುಮತಿಯಿಲ್ಲದ ಸಭಾಂಗಣಕ್ಕೆ ತಮಟೆಯವರನ್ನು ಕರೆಯುವ ಆಯೋಜಕ ಹೊರಗಿನ ಅಂಗಳದಲ್ಲಿ ಒಂದು ಜಾಗವನ್ನೂ ಆಟಕ್ಕೆ ಮೊದಲು ಅರ್ಧ ಗಂಟೆಯನ್ನೂ ಎತ್ತಿಡಬೇಕಾಗುತ್ತದೆ. ಇಂಥದ್ದನ್ನು ಮೊದಲೇ ಕೇಳಿ ತಿಳಿಯದಿದ್ದರೆ, ಹಳ್ಳಿಯಲ್ಲಿ ಇಡೀ ರಾತ್ರಿ ಜನರನ್ನು ಹಿಡಿದಿಟ್ಟ ಕಲಾವಿದರು ನಗರದ ಇಪ್ಪತ್ತು ನಿಮಿಷದಲ್ಲಿ ಸಪ್ಪೆಯಾಗಿ ಕಾಣುತ್ತಾರೆ. ತಪ್ಪು ಅವರದಾಗಿರುವುದಿಲ್ಲ.

ಇಂಡಿಯನ್ನೂ ಜನಪದವನ್ನೂ ಒಂದೇ ಸೂರಿನಡಿ ತಂದರೆ ಏನಾಗಬಹುದು ಎಂಬುದಕ್ಕೆ ಈ ಹಬ್ಬದಲ್ಲೇ ಒಂದು ಉಜ್ವಲ ನಿದರ್ಶನವಿದೆ. ಎಡಿನ್‌ಬರೋದಲ್ಲಿ 1951ರಲ್ಲಿ ಆರಂಭವಾದ ಸ್ಕಾಟಿಷ್ ಅಧ್ಯಯನ ಕೇಂದ್ರದ ಸಂಶೋಧಕರು ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಿದರು. ಊರಿನವರು ದೂರವಿಟ್ಟಿದ್ದ ಅಲೆಮಾರಿ ಸಮುದಾಯದ ಹಾಡುಗಾರರು ಹಳೆಯ ಹಾಡುಗಳ ಕಣಜವೆಂಬುದು ಹಾಗೆ ಬೆಳಕಿಗೆ ಬಂತು. ದಶಕಗಳ ಬಳಿಕ ಮಾರ್ಟಿನ್ ಬೆನೆಟ್ ಎಂಬ ತರುಣ ಆ ಪರಂಪರೆಯ ಲಿಜ್ಜಿ ಹಿಗಿನ್ಸ್, ಶೀಲಾ ಸ್ಟೂವರ್ಟ್ ಮುಂತಾದವರ ಧ್ವನಿಮುದ್ರಣಗಳನ್ನು ಎಲೆಕ್ಟ್ರಾನಿಕ್ ತಾಳದ ಮೇಲೆ ಕೂರಿಸಿ 2003ರಲ್ಲಿ ‘ಗ್ರಿಟ್’ ಎಂಬ ಆಲ್ಬಂ ಹೊರತಂದರು. ಬ್ಯಾಗ್‌ಪೈಪ್, ಪಿಟೀಲು ಎರಡರಲ್ಲೂ ನುರಿತಿದ್ದ ಕೈಗಳನ್ನು ಅಷ್ಟರಲ್ಲಿ ಕ್ಯಾನ್ಸರ್ ಸೋಲಿಸಿತ್ತು. 2005ರ ಜನವರಿಯಲ್ಲಿ, 33ನೇ ವಯಸ್ಸಿಗೇ, ಅವರು ತೀರಿಕೊಂಡರು.

ಹತ್ತು ವರ್ಷಗಳ ನಂತರ, 2015ರ ಸೆಲ್ಟಿಕ್ ಕನೆಕ್ಷನ್ಸ್ ಶುರುವಾದದ್ದು ಆ ಆಲ್ಬಮ್ಮಿನಿಂದಲೇ. ಗ್ರೆಗ್ ಲಾಸನ್ ಅದನ್ನು ವಾದ್ಯವೃಂದಕ್ಕೆ ಅಳವಡಿಸಿದ್ದರು. ಶಾಸ್ತ್ರೀಯ, ಜಾಜ್, ಜನಪದ ಮೂರೂ ಕಡೆಯ ಎಂಬತ್ತರಷ್ಟು ಸಂಗೀತಗಾರರು ರಾಯಲ್ ಕನ್ಸರ್ಟ್ ಹಾಲ್‌ನ ವೇದಿಕೆ ತುಂಬಿದರು. ಕಂಪ್ಯೂಟರಿನಲ್ಲಿ ಹೆಣೆದ ಕೃತಿಯೊಂದು ಎಂಬತ್ತು ಜೋಡಿ ಕೈಗಳಲ್ಲಿ ಮತ್ತೆ ಜೀವ ತಳೆಯಿತು.

ಕನ್ನಡದ ಹಾಡಿಗೂ ಬ್ರಿಟನ್ನಿನ ಇಂಥ ವೇದಿಕೆಗಳು ದಾರಿ ಬಿಟ್ಟದ್ದುಂಟು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ತಂಡ ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರು, ಡ್ರಮ್ಮುಗಳ ಜತೆ ಹಾಡುತ್ತ ಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ ಈ ತಂಡ, 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಉತ್ತಮ ಹೊಸಬರ ಪ್ರಶಸ್ತಿ ಪಡೆದು, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. ಶಿಗ್ಗಾವಿ ಸೀಮೆಯ ಸಂತನ ಪದಕ್ಕೆ ಕನ್ನಡದ ಒಂದಕ್ಷರ ತಿಳಿಯದವರೂ ಕುಣಿದರು. ಹಾಡು ಗಟ್ಟಿಯಾಗಿತ್ತು, ನಿಜ. ಅದರ ಜತೆಗೆ ಆ ಹಾಡನ್ನು ಕೇಳಿ, ಮುಂದಿನ ವೇದಿಕೆಗೆ ಕರೆಯುವ ಕಿವಿಗಳೂ ಅಲ್ಲಿದ್ದವು. ನಮ್ಮ ಚೌಡಿಕೆಯವರು, ನೀಲಗಾರರು, ಕಂಸಾಳೆಯವರು ಉತ್ಸವಗಳ ಮೆರವಣಿಗೆಯಲ್ಲಿ ಮುಂದೆ ಸಾಗುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಅವರನ್ನು ನೆಮ್ಮದಿಯಾಗಿ ಅರ್ಧ ಗಂಟೆ ಕೂತು ಕೇಳಿ, ಮರುದಿನ ವೀಳ್ಯ ಕೊಡುವವರ ಎದುರು ನಿಲ್ಲಿಸುವ ವೇದಿಕೆ ಅವರಿಗೂ ಸಲ್ಲಬೇಕು.

ಗ್ಲಾಸ್ಗೋದ ಹಬ್ಬವೂ ಸುಲಭವಾಗಿ ಉಳಿದು ಬಂದದ್ದಲ್ಲ. ಕೋವಿಡ್ ಕಾಲದ 2021ರಲ್ಲಿ ಅದು ಪೂರ್ತಿ ಆನ್‌ಲೈನ್ ಆಯಿತು. ಖಾಲಿ ಸಭಾಂಗಣಗಳಲ್ಲಿ ಹಾಡಿಸಿ, ಚಿತ್ರೀಕರಿಸಿ, ಮನೆಮನೆಗೆ ಮುಟ್ಟಿಸಿದರು. 2022ರಲ್ಲಿ ಒಮೈಕ್ರಾನ್ ನಿರ್ಬಂಧಗಳಿಂದಾಗಿ ಹಲವು ಕಛೇರಿಗಳು ರದ್ದಾದವು, ತಿಂಗಳ ಕೊನೆಗೆ ನಿರ್ಬಂಧ ಸಡಿಲವಾದ ಮೇಲೆ ಜನ ಮತ್ತೆ ಒಳಗೆ ಬಂದರು.

ಈಗ ಮತ್ತೆ ಜನವರಿಯ ಸಂಜೆಗಳಲ್ಲಿ ಮುಕ್ತ ವೇದಿಕೆಯ ಮುಂದೆ ಜನ ಸೇರುತ್ತಾರೆ. ರಾತ್ರಿಯ ದೊಡ್ಡ ಕಛೇರಿಗೆ ಟಿಕೆಟ್ ಕೊಂಡವರು ಸ್ವಲ್ಪ ಬೇಗನೆ ಬಂದು, ಒದ್ದೆ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಕೂರುತ್ತಾರೆ. ಹೆಸರೇ ಕೇಳದ ಹುಡುಗಿಯೊಬ್ಬಳು ಪಿಟೀಲು ಶ್ರುತಿ ಮಾಡಿಕೊಳ್ಳುತ್ತಾಳೆ. ತೀರ್ಪುಗಾರರು ಪೆನ್ನು ತೆಗೆಯುತ್ತಾರೆ.