ಬಣ್ಣಗಳಲ್ಲಿ ಭಿನ್ನರಾಶಿ

ಕಾಲು ಭಾಗ ದೊಡ್ಡದೋ, ಎಂಟನೆಯ ಒಂದು ಭಾಗ ದೊಡ್ಡದೋ ಎಂದು ಪ್ರಾಥಮಿಕ ಶಾಲೆಯ ಬಾಲಕನನ್ನು ಕೇಳಿದರೆ, ಎಂಟನೆಯ ಒಂದೇ ದೊಡ್ಡದೆಂದು ಅವನು ಹೇಳುವುದುಂಟು. ನಾಲ್ಕಕ್ಕಿಂತ ಎಂಟು ದೊಡ್ಡದೆಂದು ಅವನು ಮೊದಲೇ ಕಲಿತಿದ್ದಾನೆ. ಆ ಕಲಿಕೆಯೇ ಇಲ್ಲಿ ಅವನ ದಾರಿ ತಪ್ಪಿಸುತ್ತದೆ. ಗದರಿಸಿ ತಿದ್ದಿದರೆ ಉತ್ತರ ಬದಲಾಗಬಹುದು, ತಿಳಿವಳಿಕೆ ಬದಲಾಗದು. ಹೀಗೆ ಮೂಡಿದ ಗೊಂದಲವು ಗಣಿತದ ಭಯವಾಗಿ ಬಹುಕಾಲ ಉಳಿದುಬಿಡುತ್ತದೆ. ಋತುಋತುವಿಗೆ ಬರುವ ಹಬ್ಬಗಳ ಕಲೆಯು ಈ ಭಯವನ್ನು ನೀಗಬಲ್ಲ ಸಾಧನವಾಗಿದೆ.

ಆಷಾಢದ ಗಾಳಿ ಬೀಸತೊಡಗಿದಾಗ ಮಕ್ಕಳು ಗಾಳಿಪಟಕ್ಕೆಂದು ಚೌಕ ಕಾಗದವನ್ನು ಕತ್ತರಿಸುತ್ತಾರೆ. ಅದನ್ನು ಕರ್ಣದ ಗುಂಟ ಮಡಿಸಿದರೆ ಎರಡು ಅರ್ಧಗಳು. ದೊರೆತ ತ್ರಿಕೋನವನ್ನು ತುದಿಗೆ ತುದಿ ಸೇರಿಸಿ ಮಡಿಸಿದರೆ ನಾಲ್ಕು ಕಾಲುಗಳು. ಹಾಗೆಯೇ ಇನ್ನೊಮ್ಮೆ ಮಡಿಸಿದರೆ ಎಂಟು ಅರೆಕಾಲುಗಳು. ಭಾಗಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದರ ಗಾತ್ರ ಕುಗ್ಗುವುದನ್ನು ಬಾಲಕನು ತನ್ನ ಕೈಯಲ್ಲೇ ಕಾಣುತ್ತಾನೆ. ಮಡಿಕೆ ಓರೆಯಾದರೆ ತುಂಡುಗಳು ಸಮವಾಗವು. ಸಮವಲ್ಲದ ನಾಲ್ಕು ತುಂಡುಗಳಲ್ಲಿ ಒಂದನ್ನು ಕಾಲು ಎನ್ನಲಾಗದೆಂಬುದೂ ಆಗ ಮನದಟ್ಟಾಗುತ್ತದೆ.

ದೀಪಾವಳಿಗೆ ಎಂಟು ಸಮದಳಗಳ ರಂಗವಲ್ಲಿಯನ್ನು ಬರೆಯಿಸಬಹುದು. ಅದರ 1/2 ಭಾಗಕ್ಕೆ ಕೆಂಪು, 1/4 ಭಾಗಕ್ಕೆ ಹಳದಿ ತುಂಬಿದರೆ ನಾಲ್ಕು ದಳ ಕೆಂಪು, ಎರಡು ದಳ ಹಳದಿ. ಒಟ್ಟು 6/8, ಎಂದರೆ 3/4. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುವ ಬಾಲಕನಿಗೆ 2/6, ಅಂದರೆ 1/3 ದೊರೆಯುತ್ತದೆ. ಆದರೆ ಕೆಂಪೊಂದೇ ಅರ್ಧವನ್ನು ತುಂಬಿರುವಾಗ, ಹಳದಿಯೂ ಸೇರಿದ ಮೇಲೆ ಮೊತ್ತವು ಅರ್ಧಕ್ಕಿಂತ ಕಡಿಮೆಯಾಗುವುದೆಂತು? ಗುರುಗಳು ಹೇಳುವ ಮೊದಲೇ ರಂಗವಲ್ಲಿಯು ತಪ್ಪನ್ನು ತೋರಿಸಿಕೊಡುತ್ತದೆ.

ಯುಗಾದಿಗೆ ಕಾಗದದ ಎಲೆಗಳ ತೋರಣ. 1/3 ಭಾಗ ಚಿಗುರುಗೆಂಪು, 1/4 ಭಾಗ ಹಳದಿ, ಉಳಿದುದೆಲ್ಲ ಹಸುರು ಇರಬೇಕಾದರೆ ಹತ್ತು ಎಲೆಗಳು ಒದಗವು. ಮೂರರಿಂದಲೂ ನಾಲ್ಕರಿಂದಲೂ ಭಾಗವಾಗುವ ಅತಿ ಕಿರಿಯ ಸಂಖ್ಯೆ ಹನ್ನೆರಡು. ಆಗ ಕೆಂಪು ನಾಲ್ಕು, ಹಳದಿ ಮೂರು, ಹಸುರು ಐದು. ಸಮಚ್ಛೇದವೇಕೆ ಬೇಕೆಂಬುದಕ್ಕೆ ಇದೇ ಉತ್ತರ.

ಈ ಲೆಕ್ಕ ಕನ್ನಡನಾಡಿಗೆ ಹೊಸದಲ್ಲ. ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯದಿಂದ ಭಿನ್ನರಾಶಿಗಳನ್ನು ಸಮಚ್ಛೇದಗೊಳಿಸುವ ಕ್ರಮವನ್ನು ಅವನು ಅದರಲ್ಲಿ ವಿವರಿಸಿದ್ದಾನೆ.

ಚಿತ್ರ ಬಿಡಿಸಿದ ಮಾತ್ರಕ್ಕೆ ಗಣಿತ ಬಾರದು. ಕೈ ಮಾಡಿದುದನ್ನು ಬಾಯಿ ಹೇಳಬೇಕು, ಬಳಿಕ ಹಲಗೆಯ ಮೇಲೆ ಅಂಕಿಗಳಲ್ಲಿ ಬರೆಯಬೇಕು. ಈ ಕ್ರಮ ತಪ್ಪದಿದ್ದರೆ, ರಂಗವಲ್ಲಿ ಸಂಜೆಗೆ ಅಳಿದರೂ ಅದರಲ್ಲಿ ಕಂಡ ಲೆಕ್ಕ ಅಳಿಯದು.