ಗ್ರಾಫೀನ್‌ನ ಯಾಂತ್ರಿಕ ಗುಣಗಳ ಗಣಕ ಅನುಕರಣೆ

ಗ್ರಾಫೀನ್ ಒಂದೇ ಪರಮಾಣುವಿನಷ್ಟು ದಪ್ಪವಿರುವ ಇಂಗಾಲದ ಹಾಳೆ. ಅದನ್ನು ಎಳೆದಾಗ, ಬಾಗಿಸಿದಾಗ ಅಥವಾ ಹರಿದಾಗ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ಗಣಕಯಂತ್ರದ ಲೆಕ್ಕಾಚಾರದಿಂದ ತಿಳಿಯುವುದನ್ನು ಅದರ ಯಾಂತ್ರಿಕ ಗುಣಗಳ ಗಣಕ ಅನುಕರಣೆ ಎನ್ನುತ್ತಾರೆ.

ವಿಧಾನಗಳು

ಕ್ವಾಂಟಮ್ ಸಿದ್ಧಾಂತವನ್ನು ಆಧರಿಸಿದ ಲೆಕ್ಕವು ಎಲೆಕ್ಟ್ರಾನುಗಳನ್ನೂ ಪರಿಗಣಿಸುವುದರಿಂದ ಹೆಚ್ಚು ನಿಖರವಾದುದು. ಆದರೆ ಅದು ಸಾಮಾನ್ಯವಾಗಿ ಕೆಲವು ನೂರು ಪರಮಾಣುಗಳಿಗೆ ಸೀಮಿತ. ಅಣು ಚಲನಶಾಸ್ತ್ರದ ವಿಧಾನದಲ್ಲಿ ಪರಮಾಣುಗಳ ನಡುವಿನ ಬಲವನ್ನು ಸೂತ್ರವೊಂದರಿಂದ ಪಡೆದು, ನ್ಯೂಟನ್ನನ ನಿಯಮಗಳಂತೆ ಅವುಗಳ ಚಲನೆಯನ್ನು ಸುಮಾರು 10⁻¹⁵ ಸೆಕೆಂಡಿನ ಹೆಜ್ಜೆಗಳಲ್ಲಿ ಲೆಕ್ಕ ಹಾಕಲಾಗುತ್ತದೆ. ಇದರಿಂದ ಲಕ್ಷಾಂತರ ಪರಮಾಣುಗಳ ಹಾಳೆಯನ್ನೂ ಅಭ್ಯಸಿಸಬಹುದು.

ದಪ್ಪದ ಪ್ರಶ್ನೆ

ವಸ್ತುವಿನ ಬಿಗಿತವನ್ನು ಸೂಚಿಸುವ ಯಂಗ್ ಗುಣಾಂಕವನ್ನು ಪಡೆಯಲು ಹಾಳೆಯ ದಪ್ಪ ತಿಳಿದಿರಬೇಕು. ಆದರೆ ಒಂದೇ ಪರಮಾಣು ಪದರದ ದಪ್ಪಕ್ಕೆ ಸ್ಪಷ್ಟವಾದ ಎಲ್ಲೆಯಿಲ್ಲ. ಗ್ರಾಫೈಟಿನ ಪದರಗಳ ನಡುವಿನ ಅಂತರವಾದ 0.34 ನ್ಯಾನೋಮೀಟರನ್ನೇ ದಪ್ಪವೆಂದು ಹಿಡಿದರೆ ಗುಣಾಂಕವು ಸುಮಾರು 1 ಟೆರಾಪ್ಯಾಸ್ಕಲ್ ಆಗುತ್ತದೆ. ಗ್ರಾಫೀನ್ ಹಾಳೆಯನ್ನು ಸುರುಳಿ ಸುತ್ತಿದಂತಿರುವ ಇಂಗಾಲದ ನ್ಯಾನೋ ಕೊಳವೆಗಳನ್ನು 1996ರಲ್ಲಿ ಅನುಕರಿಸಿದ ಬೋರಿಸ್ ಯಾಕೊಬ್ಸನ್ ಮತ್ತು ಸಂಗಡಿಗರು, ಬಾಗುವ ಗುಣಕ್ಕೂ ಹೊಂದುವಂತೆ ದಪ್ಪವನ್ನು 0.066 ನ್ಯಾನೋಮೀಟರ್ ಎಂದು ಪಡೆದರು. ಆಗ ಗುಣಾಂಕವು 5.5 ಟೆರಾಪ್ಯಾಸ್ಕಲ್‌ಗೆ ಏರಿತು. ಆದರೂ ದಪ್ಪ ಮತ್ತು ಗುಣಾಂಕಗಳ ಗುಣಲಬ್ಧವು ಎರಡರಲ್ಲೂ ಹೆಚ್ಚುಕಡಿಮೆ ಒಂದೇ: ಮೀಟರಿಗೆ ಕ್ರಮವಾಗಿ 340 ಮತ್ತು 363 ನ್ಯೂಟನ್.

2008ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರು ಗ್ರಾಫೀನ್ ಪೊರೆಯನ್ನು ಸೂಕ್ಷ್ಮ ಮೊನೆಯಿಂದ ಒತ್ತಿ ಅಳೆದಾಗಲೂ ಮೀಟರಿಗೆ ಸುಮಾರು 340 ನ್ಯೂಟನ್ ದೊರೆಯಿತು. ಆದ್ದರಿಂದ ಬಳಸಿದ ದಪ್ಪವನ್ನು ತಿಳಿಸದೆ ಕೊಟ್ಟ ಗುಣಾಂಕಗಳನ್ನು ಒಂದಕ್ಕೊಂದು ಹೋಲಿಸಲಾಗದು.