ಕೈಕಾರ್ಡಿನ ಒಳಹಾಳೆ: ಅಚ್ಚು ನೆಟ್ಟಗೆ ಬರಬೇಕಾದರೆ

ಕೈಯಾರೆ ಮಾಡಿದ ಶುಭಾಶಯ ಪತ್ರಗಳನ್ನು ಹೊರಗಿನಿಂದ ನೋಡಿದರೆ ಕಣ್ಣು ತಣಿಯುತ್ತದೆ. ಪುಸ್ತಕದ ನಡುವೆ ಒತ್ತಿ ಒಣಗಿಸಿದ ಎಲೆ, ಹಳೆಯ ಸೀರೆಯ ಜರಿಯಂಚಿನ ತುಂಡು, ಅಡಿಕೆ ಹಾಳೆಯನ್ನು ಕತ್ತರಿಸಿ ಅಂಟಿಸಿದ ಹಣತೆ, ಹೀಗೆ ಒಂದೊಂದು ಮನೆಯದು ಒಂದೊಂದು ಬಗೆ. ಆದರೆ ಪತ್ರವನ್ನು ತೆರೆದೊಡನೆ ಆಗುವ ನಿರಾಸೆಯೂ ವಾಚಕರಿಗೆ ಹೊಸದಲ್ಲ. ಒಳಗೆ ಓರೆಯಾಗಿ ಅಂಟಿಸಿದ ಒಂದು ಚೀಟಿ. ಅದರಲ್ಲಿ ಅಕ್ಷರಗಳು ಒಂದು ಮಗ್ಗುಲಿಗೆ ಸರಿದು ಮಡಿಕೆಯೊಳಗೆ ಅರ್ಧ ಅಡಗಿವೆ. ಇಲ್ಲವೇ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ನಾಲ್ಕು ಇಂಗ್ಲಿಷ್ ಸಾಲು. ವಾರಗಟ್ಟಲೆ ಕುಳಿತು ಹೊರಮೈಯನ್ನು ಸಿಂಗರಿಸಿದವರು ಒಳಗಿನ ಮಾತಿಗೆ ಬರುವಾಗ ಕೈಸೋತು ಬಿಡುತ್ತಾರೆ. ಪಡೆದವರು ಹತ್ತು ವರ್ಷದ ಮೇಲೆ ಪೆಟ್ಟಿಗೆಯಿಂದ ತೆಗೆದು ಓದುವುದು ಆ ಒಳಗಿನ ಮಾತನ್ನೇ ಅಲ್ಲವೇ?

ಹೊರಗಿನ ಕಾಗದದ ಮೇಲೆಯೇ ನೇರವಾಗಿ ಅಚ್ಚು ಹಾಕಬಾರದೇ ಎಂದು ಕೆಲವರು ಕೇಳುವುದುಂಟು. ಕೈಕಾಗದ ದಪ್ಪ, ಮೈ ಒರಟು. ಶಾಯಿ ಸಿಂಪಡಿಸುವ ಇಂಕ್‌ಜೆಟ್ ಯಂತ್ರದಲ್ಲಿ ಶಾಯಿ ಅದರ ನಾರಿಗೆ ಹಬ್ಬಿ ಅಕ್ಷರದ ಅಂಚು ಒಡೆಯುತ್ತದೆ. ಲೇಸರ್ ಯಂತ್ರವಾದರೆ ಪುಡಿಯನ್ನು ಕಾಗದಕ್ಕೆ ಕರಗಿಸಿ ಹಿಡಿಸಲು 200 ಡಿಗ್ರಿಯ ಆಸುಪಾಸಿನ ಕಾವು ಕೊಡುತ್ತದೆ. ಎಲೆ, ಎಸಳು, ಅಂಟು, ಜರಿ ಯಾವುದಕ್ಕೂ ಅದು ಹೇಳಿದ್ದಲ್ಲ. ಅಡಿಕೆ ಹಾಳೆಯ ಕಾರ್ಡಂತೂ ಯಂತ್ರದ ಉರುಳೆಗಳ ನಡುವೆ ಬಾಗುವುದೇ ಇಲ್ಲ. ಆದುದರಿಂದ ತೆಳುವಾದ ಬೇರೊಂದು ಹಾಳೆಯಲ್ಲಿ ಮಾತನ್ನು ಅಚ್ಚು ಹಾಕಿ, ಮಡಚಿ, ಕಾರ್ಡಿನ ಹೊಟ್ಟೆಯೊಳಗೆ ಸೇರಿಸುವುದೇ ದಾರಿ. ಇದನ್ನು ನಾವು ಒಳಹಾಳೆ ಎನ್ನೋಣ. ಹೊರಗೂ ಹಾಳೆ, ಒಳಗೂ ಹಾಳೆ. ಅಡಿಕೆಮರ ಕೊಡುವುದಕ್ಕೂ ಕಾಗದದ ಗಿರಣಿ ಕೊಡುವುದಕ್ಕೂ ನಮ್ಮ ಭಾಷೆ ಒಂದೇ ಹೆಸರಿಟ್ಟಿರುವುದು ಇಲ್ಲಿ ಚೆನ್ನಾಗಿ ಒದಗಿಬಂತು.

ಅಚ್ಚಾದ ಶುಭಾಶಯ ಪತ್ರದ ಚರಿತ್ರೆ ಬಹಳ ಹಳೆಯದೇನೂ ಅಲ್ಲ. ಮಾರಾಟಕ್ಕೆ ಬಂದ ಮೊದಲನೆಯ ಕ್ರಿಸ್‌ಮಸ್ ಕಾರ್ಡನ್ನು 1843ರಲ್ಲಿ ಲಂಡನಿನಲ್ಲಿ ಹೆನ್ರಿ ಕೋಲ್ ಎಂಬವರು ಹೊರತಂದರು. ಚಿತ್ರ ಬರೆದವರು ಜಾನ್ ಹಾರ್ಸ್‌ಲಿ. ಕಲ್ಲಚ್ಚಿನಲ್ಲಿ ತೆಗೆದು, ಬಣ್ಣವನ್ನು ಕೈಯಿಂದ ತುಂಬಿ, ಒಂದಕ್ಕೆ ಒಂದು ಶಿಲ್ಲಿಂಗಿನಂತೆ ಮಾರಿದರು. ಅದೇ 1843ರ ಜುಲೈ 1ರಂದು ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ, ಅದೇ ಕಲ್ಲಚ್ಚಿನ ವಿಧಾನದಲ್ಲಿ, ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟಿತು. ಆಗ ಕಾಸರಗೋಡು ಮಂಗಳೂರು ಎರಡೂ ಒಂದೇ ಕನ್ನಡ ಜಿಲ್ಲೆಯವು. ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ಈ ಎರಡು ಕೆಲಸಗಳ ವರ್ಷ ಒಂದೇ ಆಗಿರುವುದು ನಮಗೆ ಹಿತವೆನಿಸುತ್ತದೆ.

ಅದಿರಲಿ, ಅಳತೆಗೆ ಬರೋಣ. ಇಲ್ಲಿಯೇ ಎಲ್ಲ ಕೆಡುವುದು.

ಮನೆಯಲ್ಲಿ ಮಾಡುವ ಕಾರ್ಡಿಗೆ ಅತ್ಯಂತ ಅನುಕೂಲದ ಅಳತೆ ಎ-4ರ ಅರ್ಧ. ಎ-4 ಹಾಳೆ 210 ಮಿ. ಮೀ. ಅಗಲ, 297 ಮಿ. ಮೀ. ಉದ್ದ. ಅದನ್ನು ಅಡ್ಡಕ್ಕೆ ಸರಿಯಾಗಿ ಎರಡು ಮಾಡಿದರೆ 210ಕ್ಕೆ 148ರ ತುಂಡು. ಮಡಚಿದರೆ 105ಕ್ಕೆ 148ರ ಕಾರ್ಡು. ಒಳಹಾಳೆ ಇದಕ್ಕಿಂತ ಸ್ವಲ್ಪ ಕಿರಿದಾಗಿರಬೇಕು. ಸಮಸಮ ಮಾಡಿದರೆ ಮಡಚಿದಾಗ ಹೊರಗೆ ಇಣುಕುತ್ತದೆ, ಅಸಹ್ಯ. ಬಿಡಿಸಿದಾಗ 200ಕ್ಕೆ 140 ಇರುವ ಹಾಳೆ ಸಾಕು. ಸುತ್ತಲೂ ನಾಲ್ಕೈದು ಮಿಲ್ಲಿಮೀಟರು ಹೊರಕಾಗದ ಕಾಣುತ್ತ ಚೌಕಟ್ಟಿನಂತೆ ಒಪ್ಪುತ್ತದೆ.

ಹಾಗೆಂದು ಹಾಳೆಯನ್ನು ಮೊದಲೇ 200ಕ್ಕೆ 140 ಕತ್ತರಿಸಿ ಯಂತ್ರಕ್ಕೆ ಕೊಡಲು ಹೋಗಬೇಡಿ. ಯಂತ್ರ ಕಾಗದವನ್ನು ಎಳೆದುಕೊಳ್ಳುವಾಗ ಒಂದೆರಡು ಮಿಲ್ಲಿಮೀಟರು ಆಚೀಚೆ ಆಗುವುದು ಸಹಜ, ಚಿಕ್ಕ ತುಂಡಾದರೆ ಇನ್ನೂ ಹೆಚ್ಚು. ಮೊದಲು ಅಚ್ಚು, ಆಮೇಲೆ ಕತ್ತರಿ. ಅಕ್ಷರಕ್ಕೆ ಸರಿಯಾಗಿ ಕಾಗದವನ್ನು ಕತ್ತರಿಸಬಹುದು, ಕತ್ತರಿಸಿದ ಕಾಗದಕ್ಕೆ ಸರಿಯಾಗಿ ಅಕ್ಷರವನ್ನು ಕೂರಿಸುವುದು ಕಷ್ಟ. ಪುಸ್ತಕ ಕಟ್ಟುವವರು ಅಂಚುಗಳನ್ನು ಕೊನೆಯಲ್ಲಿ ಸವರುವುದೂ ಇದಕ್ಕಾಗಿಯೇ.

ಒಂದು ಎ-4ರಲ್ಲಿ ಎರಡು ಒಳಹಾಳೆ ತೆಗೆಯಬಹುದು. ಕಂಪ್ಯೂಟರಿನಲ್ಲಿ ಎ-4 ಪುಟವನ್ನು ನೆಟ್ಟಗೆ ಇಟ್ಟುಕೊಳ್ಳಿ. ಮಡಿಕೆ ಬರುವುದು ಎಡ ಅಂಚಿನಿಂದ 105 ಮಿ. ಮೀ. ದೂರದಲ್ಲಿ. ಮಾತು ಬರಬೇಕಾದುದು ಬಲಗಡೆಯ ಅರ್ಧದಲ್ಲಿ. 70 ಮಿ. ಮೀ. ಅಗಲ, 100 ಮಿ. ಮೀ. ಎತ್ತರದ ಒಂದು ಟೆಕ್ಸ್ಟ್ ಬಾಕ್ಸನ್ನು ಎಡ ಅಂಚಿನಿಂದ 120 ಮಿ. ಮೀ., ಮೇಲಿನ ಅಂಚಿನಿಂದ 20 ಮಿ. ಮೀ. ದೂರದಲ್ಲಿ ಇರಿಸಿ, ಮಾತನ್ನು ಅದರ ಎತ್ತರದ ನಡುವಿಗೆ ನಿಲ್ಲಿಸಿ. ಎರಡನೆಯದನ್ನು ಅದೇ 120ರಲ್ಲಿ, ಮೇಲಿನಿಂದ 168.5 ಮಿ. ಮೀ.ನಲ್ಲಿ. ಲೆಕ್ಕ ನೋಡುವವರಿಗೆ ಒಂದು ಸಂಶಯ ಬರಬಹುದು: ಸರಿಯಾದ ನಡು ಬೇಕಾದರೆ 20ರ ಬದಲು 24 ಆಗಬೇಕಿತ್ತಲ್ಲ? ಹೌದು. ಆದರೆ ಅಳತೆಯ ನಡುವಿನಲ್ಲಿಟ್ಟ ಬರಹ ಕಣ್ಣಿಗೆ ಕೆಳಗೆ ಜಾರಿದಂತೆ ಕಾಣುತ್ತದೆ. ಗೋಡೆಗೆ ಪಟ ತೂಗುಹಾಕಿದವರಿಗೆಲ್ಲ ಇದು ಗೊತ್ತು. ನಾಲ್ಕು ಮಿಲ್ಲಿಮೀಟರು ಮೇಲಕ್ಕೆ ಸರಿಸಿದರೆ ಕಣ್ಣಿಗೆ ನಡು ಎನಿಸುತ್ತದೆ.

ಎರಡು ಒಳಹಾಳೆಗಳ ನಡುವೆ, ಕತ್ತರಿಸಿ ಎಸೆಯುವ ಎಂಟು ಮಿಲ್ಲಿಮೀಟರಿನ ಪಟ್ಟಿಯೊಂದು ಉಳಿಯುತ್ತದೆ. ಆ ಪಟ್ಟಿಯಲ್ಲಿ, ಎಡದಿಂದ 105, ಮೇಲಿನಿಂದ 148.5ರಲ್ಲಿ ಸಾಸಿವೆಯಷ್ಟು ದೊಡ್ಡ ಒಂದು ಚುಕ್ಕೆ ಇಡಿ. ಹಾಳೆಯನ್ನು ಅಲ್ಲಿ ಎರಡು ಮಾಡಿದಾಗ ಎರಡೂ ತುಂಡುಗಳ ಅಂಚಿನಲ್ಲಿ ಅರ್ಧರ್ಧ ಚುಕ್ಕೆ ಉಳಿಯುತ್ತದೆ. ಅದೇ ಮಡಿಕೆಯ ಗುರುತು. ಮಡಚಿದ ಮೇಲೆ ಅಂಚು ಸವರಿ. ಚುಕ್ಕೆ ಪಟ್ಟಿಯೊಡನೆ ಹೋಗುತ್ತದೆ.

ಸಾಮಾನ್ಯ ಎ-4 ಕಾಗದದ ನಾರು ಹೆಚ್ಚಾಗಿ ಉದ್ದಕ್ಕೆ ಇರುವುದರಿಂದ ಈ ಮಡಿಕೆ ನಾರಿನ ಜೊತೆಗೇ ಬಂದು ಸಿಡಿಯದೆ ನಿಲ್ಲುತ್ತದೆ. ನಂಬಿಕೆ ಬಾರದವರು ಹಳೆಯ ಹಾಳೆಯೊಂದನ್ನು ಉದ್ದಕ್ಕೂ ಅಡ್ಡಕ್ಕೂ ಹರಿದು ನೋಡಲಿ. ನಾರಿನ ದಿಕ್ಕಿಗೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಸೊಟ್ಟಗೆ.

ಇಷ್ಟು ಮಾಡಿಯೂ ಅಚ್ಚು ಸರಿದು ಬಂದರೆ ತಪ್ಪು ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ಅಚ್ಚಿಗೆ ಕೊಡುವಾಗ ಯಂತ್ರ ‘ಫಿಟ್ ಟು ಪೇಜ್’ ಎಂಬ ಆಯ್ಕೆಯನ್ನು ತಾನೇ ಹಿಡಿದುಕೊಂಡು ಇಡೀ ಪುಟವನ್ನು ಕುಗ್ಗಿಸಿರುತ್ತದೆ. ನೂರಕ್ಕೆ ಮೂರು ಕುಗ್ಗಿದರೂ 120 ಮಿಲ್ಲಿಮೀಟರಿನಲ್ಲಿ ಮೂರೂವರೆ ಹೋಯಿತು. ‘ಆಕ್ಚುವಲ್ ಸೈಜ್’ ಎಂಬುದನ್ನೇ ಆರಿಸಬೇಕು. ಪುಟದಲ್ಲಿ 100 ಮಿ. ಮೀ. ಉದ್ದದ ಒಂದು ಗೆರೆ ಎಳೆದು ರದ್ದಿ ಕಾಗದದ ಮೇಲೆ ತೆಗೆದು ಸ್ಕೇಲು ಹಿಡಿದರೆ ಸತ್ಯ ಹೊರಬೀಳುತ್ತದೆ. ಆ ರದ್ದಿ ಹಾಳೆಯನ್ನೇ ಮಡಚಿ ಕತ್ತರಿಸಿ ಕಾರ್ಡಿನೊಳಗೆ ಇಟ್ಟು ನೋಡಿದ ಮೇಲೆಯೇ ಒಳ್ಳೆಯ ಕಾಗದಕ್ಕೆ ಕೈಹಾಕುವುದು ಜಾಣತನ. ಹಿಂದೆ ಟ್ರೆಡಲ್ ಯಂತ್ರದಲ್ಲಿ ಅಚ್ಚು ಹಾಕುತ್ತಿದ್ದವರು ಕಾಗದ ತಾಗಿ ನಿಲ್ಲಲು ಗುಂಡುಸೂಜಿಗಳನ್ನು ಚುಚ್ಚಿ, ನಾಲ್ಕಾರು ಹಾಳೆ ಕೆಡಿಸಿ, ಅಳತೆ ಕೂಡಿದ ಮೇಲೆ ಸಾವಿರ ಪ್ರತಿ ಒಂದೇ ಜಾಗಕ್ಕೆ ತೆಗೆಯುತ್ತಿದ್ದರು. ಯಂತ್ರ ಬದಲಾಯಿತು, ಕೆಡಿಸುವ ನಾಲ್ಕು ಹಾಳೆಯ ಖರ್ಚು ತಪ್ಪಿಲ್ಲ.

ಇನ್ನು ಅಕ್ಷರದ ವಿಚಾರ. ಇಂಗ್ಲಿಷಿನ ಅಳತೆಯನ್ನು ಕನ್ನಡಕ್ಕೆ ಹೊಂದಿಸಲು ಹೋಗಿ ಅನೇಕರು ಕೆಡುತ್ತಾರೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. ಸಾಲುಗಳನ್ನು ಒತ್ತಾಗಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ಒದೆಯುತ್ತದೆ. 14 ಪಾಯಿಂಟಿನ ಅಕ್ಷರಕ್ಕೆ ಒಂದೂವರೆ ಪಟ್ಟು ಸಾಲಿನ ಅಂತರ ಕೊಟ್ಟರೆ ಉಸಿರಾಡಲು ಜಾಗವಾಗುತ್ತದೆ. 70 ಮಿ. ಮೀ. ಅಗಲದಲ್ಲಿ ಸಾಲಿಗೆ ಎರಡು ಮೂರು ಪದ ಹಿಡಿಯುತ್ತದೆ, ಅಷ್ಟೆ. ಎರಡೂ ಅಂಚನ್ನು ಸಮ ಮಾಡುವ ಹಟ ಬೇಡ. ನಮ್ಮ ಪದಗಳು ಉದ್ದ, ನಡುವೆ ಹಲ್ಲುಬಿದ್ದ ಬಾಯಿಯಂತೆ ಖಾಲಿ ಉಳಿಯುತ್ತದೆ. ಅರ್ಥ ನಿಂತಲ್ಲಿ ಸಾಲು ಮುರಿಯಿರಿ. ಎಂಟು ಹತ್ತು ಸಾಲು ಮೀರಿದರೆ ಅದು ಶುಭಾಶಯವಲ್ಲ, ಕಾಗದ. ಕಾಗದವನ್ನು ಕೈಯಿಂದಲೇ ಬರೆಯುವುದು ಲೇಸು.

ಗಡಿಯ ಈಚೆಗಿರುವ ನಮಗೆ ಇನ್ನೊಂದು ತೊಡಕಿದೆ. ಮಂಗಳೂರಿನ ಅಂಗಡಿಯಲ್ಲಾದರೆ ಅಚ್ಚು ತೆಗೆಯುವವರು ಒಮ್ಮೆ ಓದಿ, ಇಲ್ಲೊಂದು ತಪ್ಪಿದೆ ಎಂದು ಹೇಳಿಯಾರು. ನಮ್ಮ ಊರುಗಳ ಅನೇಕ ಅಂಗಡಿಗಳಲ್ಲಿ ಯಂತ್ರದ ಮುಂದೆ ಕುಳಿತ ಹುಡುಗನಿಗೆ ಮಲಯಾಳ ಮಾತ್ರ ಗೊತ್ತು. ಅವನದೇನೂ ತಪ್ಪಿಲ್ಲ, ಪಾಪ. ಕನ್ನಡದ ಅಕ್ಷರ ಅವನ ಪಾಲಿಗೆ ಚಿತ್ರ. ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ ನಮಗೆ ಸಿಕ್ಕಿದ ನಲವತ್ತು ಹಾಳೆಗಳಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಆವರಣಗಳೆಲ್ಲ ಕಲಸಿದ ಅವಿಯಲು. ಕಾರಣ ಸರಳ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದವು. ಆ ಮಾದರಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮುಖವಾಡ ಕಳಚಿ ಇಂಗ್ಲಿಷೇ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದರೆ ಈ ಅಪಾಯ ಕಡಿಮೆ. ಹೇಗೂ ಇರಲಿ, ಅಂಗಡಿಗೆ ಒಯ್ಯುವಾಗ ಪಿ.ಡಿ.ಎಫ್. ಮಾಡಿ, ಅಕ್ಷರಮಾದರಿ ಅದರೊಳಗೇ ಅಡಕವಾಗಿರುವಂತೆ ನೋಡಿಕೊಂಡು ಒಯ್ಯಿರಿ. ಆಗ ನೀವು ಮನೆಯಲ್ಲಿ ಕಂಡದ್ದೇ ಅಲ್ಲಿಯೂ ಬರುತ್ತದೆ, ಅಳತೆಯೂ ಕದಲುವುದಿಲ್ಲ.

ಕರಡು ತಿದ್ದುವವರು ನೀವೇ ಎಂಬುದು ಇದರಿಂದ ಸ್ಪಷ್ಟ. ‘ಹಾರ್ದಿಕ’ ಎಂಬಲ್ಲಿ ಇರಬೇಕಾದ್ದು ಅಲ್ಪಪ್ರಾಣ. ಆದರೂ ಊರೆಲ್ಲ ‘ಹಾರ್ಧಿಕ’ವೇ ಮೆರೆಯುತ್ತಿದೆ. ಅರುವತ್ತು ತುಂಬಿದ ಹಿರಿಯರಿಗೆ ಮಾಡಿದ ಕಾರ್ಡಿನಲ್ಲಿ ‘ಷಷ್ಠಿಪೂರ್ತಿ’ ಎಂದು ಅಚ್ಚಾಗಿರುವುದನ್ನು ಕಂಡಿದ್ದೇವೆ. ಷಷ್ಟಿ ಎಂದರೆ ಅರುವತ್ತು, ಷಷ್ಠಿ ಎಂದರೆ ಆರನೆಯ ತಿಥಿ. ಅಜ್ಜನಿಗೆ ಅರುವತ್ತರ ಬದಲು ಪಂಚಾಂಗದ ಆರನೆಯ ದಿನವನ್ನು ಪೂರೈಸಿಕೊಟ್ಟಂತಾಯಿತು. ಸೊನ್ನೆಯ ಬದಲು ಕನ್ನಡದ ಪೂಜ್ಯದ ಅಂಕಿಯನ್ನು ಒತ್ತುವವರೂ ಇದ್ದಾರೆ. ಪರದೆಯಲ್ಲಿ ವ್ಯತ್ಯಾಸ ತಿಳಿಯದು, ಕಾಗದದ ಮೇಲೆ ಆ ಸೊನ್ನೆ ಉಳಿದವುಗಳಿಗಿಂತ ಬೇರೆಯಾಗಿ ಕಾಣುತ್ತದೆ. ಅಚ್ಚಿಗೆ ಮೊದಲು ಮನೆಯ ಹಿರಿಯರೊಬ್ಬರಿಗೆ ಓದಲು ಕೊಡಿ. ಮಲಯಾಳ ಶಾಲೆಗೆ ಹೋಗುವ ಮಕ್ಕಳಿಗೂ ಗಟ್ಟಿಯಾಗಿ ಓದಲು ಹೇಳಿ. ಮಗು ಎಡವಿದಲ್ಲಿ ಒಂದೋ ಅಕ್ಷರ ತಪ್ಪಿದೆ, ಇಲ್ಲವೇ ಸಾಲು ತಪ್ಪಾಗಿ ಮುರಿದಿದೆ, ಇಲ್ಲವೇ ಮಗುವಿಗೆ ಆ ಪದ ಯಾರೂ ಹೇಳಿಕೊಟ್ಟಿಲ್ಲ. ಮೂರೂ ತಿದ್ದಬೇಕಾದವೇ.

ನೆಂಟರಿಷ್ಟರಲ್ಲಿ ಕನ್ನಡ ಓದಲಾರದವರು ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದ್ದಾರೆ. ಅದಕ್ಕಾಗಿ ಕನ್ನಡವನ್ನೇ ಬಿಟ್ಟು ಇಂಗ್ಲಿಷಿಗೆ ಶರಣು ಹೋಗುವುದು ಏಕೆ? ಒಳಹಾಳೆಯ ಎಡಗಡೆಯ ಅರ್ಧ ಖಾಲಿ ಇದೆಯಲ್ಲ. ಎಡ ಅಂಚಿನಿಂದ 20 ಮಿ. ಮೀ. ದೂರದಲ್ಲಿ ಅಷ್ಟೇ ಅಗಲದ ಇನ್ನೊಂದು ಬಾಕ್ಸ್ ಇಟ್ಟು ಅದೇ ಮಾತನ್ನು ಮಲಯಾಳದಲ್ಲಿ ಹಾಕಿದರೆ ಎರಡು ಪುಟಗಳೂ ಕನ್ನಡಿಯಲ್ಲಿ ಕಂಡಂತೆ ಸಮವಾಗಿ ನಿಲ್ಲುತ್ತವೆ. ತುಳುವಿನಲ್ಲಿ ಹರಸುವ ಆಸೆಯಿದ್ದವರಿಗೆ ಕನ್ನಡ ಲಿಪಿ ಹೇಗೂ ಇದೆ.

ಅಂಟಿಸುವಾಗ ಮೈದಾ ಅಂಟು, ಗಂಜಿ ಬೇಡ. ನೀರಿನ ಅಂಶಕ್ಕೆ ತೆಳುಕಾಗದ ಸುಕ್ಕುಗಟ್ಟುತ್ತದೆ. ಕಡ್ಡಿಯ ರೂಪದ ಒಣ ಅಂಟು ಅಥವಾ ಎರಡೂ ಮೈ ಅಂಟುವ ಪಟ್ಟಿ ಸಾಕು. ಅದನ್ನೂ ಹಾಳೆಯ ಬೆನ್ನಿಗೆ, ಮಡಿಕೆಯ ಒಂದೇ ಮಗ್ಗುಲಲ್ಲಿ, ಐದು ಮಿಲ್ಲಿಮೀಟರಿನಷ್ಟು ಮಾತ್ರ ಹಚ್ಚಬೇಕು. ಎರಡೂ ಮಗ್ಗುಲು ಅಂಟಿಸಿದರೆ ಕಾರ್ಡು ಮುಚ್ಚುವಾಗ ಒಳಹಾಳೆ ಉಬ್ಬುತ್ತದೆ. ಅಂಟಿನ ಗೊಡವೆಯೇ ಬೇಡವೆನ್ನುವವರು ಮಡಿಕೆಯ ಗುಂಟ ರೇಷ್ಮೆಯ ನೂಲು ಕಟ್ಟಬಹುದು, ಅಡಿಕೆ ಹಾಳೆಯ ಕಾರ್ಡಿಗೆ ಅದೇ ಚೆಂದ. ಮದುವೆ, ಉಪನಯನದ ಕರೆಯೋಲೆಯಾದರೆ ನಾಲ್ಕು ಮೂಲೆಗೆ ಅರಸಿನ ಹಚ್ಚುವ ಕ್ರಮವಿದೆಯಷ್ಟೆ. ಇಂಕ್‌ಜೆಟ್ಟಿನ ಶಾಯಿಗೆ ಒದ್ದೆ ಅರಸಿನ ತಾಗಿದರೆ ಮುಹೂರ್ತದ ಗಂಟೆಯೇ ಕರಗಿ ಹೋದೀತು. ಅರಸಿನವನ್ನು ಹೊರಗಿನ ಕಾರ್ಡಿಗೆ ಮಾತ್ರ ಹಚ್ಚಿ, ಒಣಗಿದ ಮೇಲೆ ಒಳಹಾಳೆ ಸೇರಿಸಿ.

ಅಂಚೆಗೆ ಹಾಕುವವರು ತೂಕವನ್ನೂ ನೋಡಿಕೊಳ್ಳಲಿ. 250 ಜಿ.ಎಸ್.ಎಂ. ಕಾಗದದ ಹೊರಕಾರ್ಡು ಸುಮಾರು 8 ಗ್ರಾಮು, 80 ಜಿ.ಎಸ್.ಎಂ.ನ ಒಳಹಾಳೆ ಎರಡೂವರೆಗೂ ಕಡಿಮೆ, ಲಕೋಟೆ ನಾಲ್ಕೈದು. ಅಂಚೆಯವರ ಮೊದಲನೆಯ ಮಜಲು 20 ಗ್ರಾಮು. ಹಾಗಾಗಿ ಸಿಂಗಾರಕ್ಕೆ ಉಳಿಯುವುದು ಐದು ಗ್ರಾಮಿನಷ್ಟು. ಅಡಿಕೆ ಹಾಳೆಯದಾದರೆ ಅಂಚೆ ಕಚೇರಿಯಲ್ಲೇ ತೂಗಿಸಿ ಚೀಟಿ ಹಚ್ಚಿರಿ. ಚೀಟಿ ಕಡಿಮೆಯಾದರೆ ಬಾಕಿಯನ್ನೂ ದಂಡವನ್ನೂ ಕೊಟ್ಟು ಬಿಡಿಸಿಕೊಳ್ಳಬೇಕಾದವರು ಹರಕೆ ಪಡೆಯುವವರೇ.